ಡಿಪಿ ಸುಡುವುದೇಕೆ? ಕಂಡೆನ್ಸರ್ ಹೇಳುವ ಲೆಕ್ಕ

ಉಮರ್ಗಾ: ಹಿಂಗಾರಿ ಕಡಲೆಗೆ ನೀರು ಬಿಡುವ ಹೊತ್ತಿಗೇ ಡಿಪಿ ಸುಡುತ್ತದೆ. ಉಮರ್ಗಾ, ನಿಲಂಗಾ, ಉದಗೀರ ಭಾಗದ ರೈತರಿಗೆ ಇದು ಹೊಸ ಮಾತಲ್ಲ. ಗಡಿ ದಾಟಿ ಭಾಲ್ಕಿ, ಬಸವಕಲ್ಯಾಣದ ಕಡೆ ಹೋದರೆ ಇದನ್ನೇ ಟಿಸಿ ಎನ್ನುತ್ತಾರೆ, ಅಲ್ಲಿಯೂ ಇದೇ ಗೋಳು. ಬೇರೆ ಡಿಪಿ ಬರುವ ತನಕ ಬೆಳೆ ಒಣಗುತ್ತದೆ. ಭಾರ ಜಾಸ್ತಿಯಾಗಿ ಸುಟ್ಟಿತು ಎನ್ನುವುದು ಸರಿಯೇ. ಆದರೆ ಆ ಭಾರದ ಒಂದು ಪಾಲು ನೀರೆತ್ತುವ ಕೆಲಸಕ್ಕೆ ಬರುವುದೇ ಇಲ್ಲ ಎಂಬುದು ಬಹಳ ಜನರಿಗೆ ಗೊತ್ತಿಲ್ಲ.

ಹೊಲಕ್ಕೆ ಬರುವುದು ಎಸಿ ಕರೆಂಟು. ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡುತ್ತದೆ. ನೀರು ಕಾಯಿಸುವ ಕಾಯಿಲ್‌ನಲ್ಲಿ ವೋಲ್ಟೇಜು ಏರಿದ ಕ್ಷಣದಲ್ಲೇ ಕರೆಂಟೂ ಏರುತ್ತದೆ. ಅಲ್ಲಿರುವ ತಡೆ ರೋಧ ಮಾತ್ರ. ಮೋಟಾರಿನೊಳಗೆ ತಂತಿಯ ಸುರುಳಿ ಇದೆ. ಅದರ ಕಾಂತಶಕ್ತಿ ಕರೆಂಟಿನ ಏರಿಳಿತವನ್ನೇ ವಿರೋಧಿಸುವುದರಿಂದ ಕರೆಂಟು ವೋಲ್ಟೇಜಿಗಿಂತ ಹಿಂದೆ ಬೀಳುತ್ತದೆ. ಈ ಎರಡನೇ ತಡೆ ರಿಯಾಕ್ಟನ್ಸ್. ಎರಡೂ ಸೇರಿದ್ದು ಇಂಪಿಡೆನ್ಸ್. ಈ ಹೆಸರು ಕೊಟ್ಟವರು ಇಂಗ್ಲೆಂಡಿನ ಆಲಿವರ್ ಹೆವಿಸೈಡ್, 1886ರಲ್ಲಿ.

ರೋಧ 4 ಓಮ್, ರಿಯಾಕ್ಟನ್ಸ್ 3 ಓಮ್ ಇದ್ದರೆ ಇಂಪಿಡೆನ್ಸ್ 7 ಅಲ್ಲ, 5. ಹೊಲದಲ್ಲಿ ಪೂರ್ವಕ್ಕೆ 4 ಹೆಜ್ಜೆ, ಅಲ್ಲಿಂದ ಉತ್ತರಕ್ಕೆ 3 ಹೆಜ್ಜೆ ನಡೆದರೆ ಹೊರಟ ಜಾಗ 5 ಹೆಜ್ಜೆ ದೂರ ಇರುತ್ತದಲ್ಲ, ಹಾಗೆ.

ಹೀಗೆ ದಿಕ್ಕು ಹಿಡಿದು ಕೂಡಿಸುವುದೇಕೆ? ನಿಂತಿರುವ ಹಿಟ್ಟಿನ ಗಿರಣಿಯ ಚಕ್ರದ ಮೇಲೆ ಸುಣ್ಣದಿಂದ ಎರಡು ಗೆರೆ ಎಳೆಯಿರಿ. ಒಂದು ವೋಲ್ಟೇಜು, ಅದರ ಹಿಂದಿನದು ಕರೆಂಟು. ಚಕ್ರ ಎಷ್ಟೇ ಜೋರಾಗಿ ತಿರುಗಲಿ, ಗೆರೆಗಳ ನಡುವಿನ ಕೋನ ಬದಲಾಗದು. ಅಂದಮೇಲೆ ಚಕ್ರ ನಿಲ್ಲಿಸಿಯೇ ಲೆಕ್ಕ ಹಾಕಬಹುದು. ಆ ಗೆರೆಗಳೇ ಫೇಸರ್. ಎಸಿಯ ಲೆಕ್ಕವನ್ನು ಹೀಗೆ ಸುಲಭ ಮಾಡಿ 1893ರಲ್ಲಿ ಷಿಕಾಗೋದಲ್ಲಿ ಮಂಡಿಸಿದವರು ಚಾರ್ಲ್ಸ್ ಸ್ಟೈನ್‌ಮೆಟ್ಸ್. ಮೇಲಿನ ಉದಾಹರಣೆಯಲ್ಲಿ ಕೋನ ಸುಮಾರು 37 ಡಿಗ್ರಿ. ಕರೆಂಟು ಸೆಕೆಂಡಿನ 500ರಲ್ಲೊಂದು ಪಾಲು ತಡ.

ಈಗ ಪಂಪಿಗೆ ಬನ್ನಿ. 5 ಎಚ್‌ಪಿ ಮೋಟಾರು ನಿಜ ಕೆಲಸಕ್ಕೆ 4 ಕಿಲೋವಾಟ್, ಕಾಂತಶಕ್ತಿಗೆ 3 ಕೆವಿಎಆರ್ ಎಳೆಯುತ್ತಿದೆ ಎಂದುಕೊಳ್ಳಿ. ಈ 3 ಖರ್ಚಾಗುವುದಿಲ್ಲ, ಹೋಗಿ ಬಂದು ಮಾಡುತ್ತದೆ. ಖಾಲಿ ಗಾಡಿ ಓಡಾಡಿದರೂ ರಸ್ತೆ ಸವೆಯುತ್ತದೆ. ಡಿಪಿ ಮೇಲಿನ ಭಾರ ಅದೇ ತ್ರಿಕೋನದ ಪ್ರಕಾರ 5 ಕೆವಿಎ, ಲೈನಿನಲ್ಲಿ 7 ಆಂಪಿಯರ್. ಅಲ್ಲಿಗೆ 63 ಕೆವಿಎ ಡಿಪಿ ಇಂಥ 12 ಮೋಟಾರು ಹೊರುತ್ತದೆ.

ಕಂಡೆನ್ಸರಿನ ಗುಣ ಉಲ್ಟಾ. ಅದರ ಕರೆಂಟು ವೋಲ್ಟೇಜಿಗಿಂತ ಮುಂದೆ. 2 ಕೆವಿಎಆರ್ ಕಂಡೆನ್ಸರ್ ಕೂಡಿಸಿದರೆ ಡಿಪಿಯಿಂದ ಬರಬೇಕಾದ 3ರಲ್ಲಿ 1 ಮಾತ್ರ ಉಳಿಯುತ್ತದೆ. ಭಾರ 4.12 ಕೆವಿಎ, ಕರೆಂಟು 5.7 ಆಂಪಿಯರ್. ಅದೇ ಡಿಪಿ 15 ಮೋಟಾರು ಹೊರುತ್ತದೆ. ಲೈನಿನ ತಂತಿ ಕಾಯುವುದು ಸುಮಾರು ಮೂರನೇ ಒಂದು ಪಾಲು ಇಳಿಯುತ್ತದೆ.

ಹಾಗಿದ್ದೂ ಹಾಳಾದ ಕಂಡೆನ್ಸರ್ ಬದಲಿಸುವವರು ಕಡಿಮೆ. ಮೀಟರು ಎಣಿಸುವುದು ಆ 4 ಕಿಲೋವಾಟನ್ನೇ, ಆದ್ದರಿಂದ ಹಾಕಿದವನ ಬಿಲ್ಲು ಇಳಿಯುವುದಿಲ್ಲ. ಲಾಭ ಇರುವುದು ಡಿಪಿಗೆ, ಅಂದರೆ ನೆರೆಹೊಲದವನಿಗೂ. ಒಬ್ಬನೇ ಹಾಕಿದರೆ ಫರಕು ಕಾಣದು, ಹತ್ತು ಜನ ಸೇರಿ ಹಾಕಬೇಕು. ಲೈಟು ಬಂದ ಕೂಡಲೇ ಆಟೋ ಸ್ವಿಚ್ಚಿನಿಂದ ಎಲ್ಲ ಮೋಟಾರು ಒಮ್ಮೆಲೇ ಏಳುವ ಹೊಡೆತಕ್ಕೆ ಮಾತ್ರ ಇದು ಮದ್ದಲ್ಲ. ಎರಡು ಫೇಸ್ ಮೇಲೆ ಮೋಟಾರು ಓಡಿಸಲು ಹಾಕುವ ಕಂಡೆನ್ಸರೂ ಬೇರೆ. ಅದರಿಂದ ಮೋಟಾರೇ ಸುಡಬಹುದು.

ಜೋಡಣೆ ವಾಯರ್‌ಮನ್ ಕೈಯಲ್ಲೇ ಆಗಲಿ. ಸ್ಟಾರ್ಟರಿನಿಂದ ಮೋಟಾರಿನ ಕಡೆಗೆ ಹಾಕಿಸಿದರೆ ಮೋಟಾರಿನ ಜೊತೆಗೇ ಅದೂ ಬಂದಾಗುತ್ತದೆ. ಬಂದಾದ ಮೇಲೂ ಒಳಗೆ ಕರೆಂಟು ಉಳಿದಿರುತ್ತದೆ, ಕೂಡಲೇ ಕೈ ಹಚ್ಚಬಾರದು.