ಹಗ್ಗವಿಲ್ಲದ ಗಿಡ್ಡ ಗೋಡೆ ಸುರಕ್ಷಿತವೇ? ಒಳಾಂಗಣ ಕ್ಲೈಂಬಿಂಗ್ ಕಲಿಯಲು ಹೊರಟವರಿಗೆ

ಮೊನ್ನೆ ನಮ್ಮ ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಚಿಕ್ಕಮ್ಮ ಒಂದು ವಿಡಿಯೊ ಹಾಕಿದರು. ಬಣ್ಣಬಣ್ಣದ ಹಿಡಿಕೆಗಳಿರುವ ಗೋಡೆಯನ್ನು ಹುಡುಗನೊಬ್ಬ ಹತ್ತುತ್ತಾನೆ, ಕೈ ಜಾರುತ್ತದೆ, ಕೆಳಗೆ ಬೀಳುತ್ತಾನೆ. ಅಲ್ಲಿಗೆ ವಿಡಿಯೊ ಮುಗಿಯುತ್ತದೆ. ಎಲ್ಲಿ ನಡೆದದ್ದು, ಯಾವಾಗ, ಹುಡುಗನಿಗೆ ಏನಾಯಿತು ಎಂಬ ಯಾವ ವಿವರವೂ ಇಲ್ಲ. ಮೇಲೊಂದು ಸಾಲು ಮಾತ್ರ ಇದೆ: ‘ಪೋಷಕರೇ ಎಚ್ಚರ! ಹಗ್ಗವಿಲ್ಲದೆ ಮಕ್ಕಳನ್ನು ಹತ್ತಿಸುತ್ತಿದ್ದಾರೆ, ಎಲ್ಲರಿಗೂ ಕಳಿಸಿ.’ ಅದರ ಕೆಳಗೆ ಚಿಕ್ಕಮ್ಮನ ಪ್ರಶ್ನೆ: ‘ನೀನು ಭಾನುವಾರ ಭಾನುವಾರ ಹೋಗೋದು ಇದಕ್ಕೇ ಅಲ್ವೇನೇ? ಇವಳೂ ಬರ್ತೀನಿ ಅಂತ ಕುಣೀತಿದ್ದಾಳೆ.’ ಇವಳು ಎಂದರೆ ಒಂಬತ್ತನೇ ತರಗತಿ ಓದುತ್ತಿರುವ ಅವರ ಮಗಳು.

ಅದೇ ಗುಂಪಿನಲ್ಲಿ ಅಣ್ಣನೊಬ್ಬ ತಕ್ಷಣ ಉತ್ತರಿಸಿದ: ‘ಕೆಳಗೆ ದಪ್ಪ ಮ್ಯಾಟ್ ಇರುತ್ತೆ, ಏನೂ ಆಗಲ್ಲ ಬಿಡಿ.’ ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ, ಇಬ್ಬರ ಮಾತೂ ದಾರಿ ತಪ್ಪಿಸುತ್ತದೆ. ಗುಂಪಿನಲ್ಲಿ ಬರೆಯಲು ಉತ್ತರ ಉದ್ದವಾಯಿತು, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಟೋಕಿಯೊ ಒಲಿಂಪಿಕ್ಸ್‌ನಲ್ಲಿ 2021ರಲ್ಲಿ ಮೊದಲ ಬಾರಿಗೆ ಸ್ಪರ್ಧೆಯಾಗಿ ಸೇರಿದ ಈ ಕ್ರೀಡೆಗೆ ಬೆಂಗಳೂರಿನಲ್ಲಿ ಕಂಠೀರವ ಕ್ರೀಡಾಂಗಣದ ಗೋಡೆಯಿದೆ, ಖಾಸಗಿ ಜಿಮ್‌ಗಳೂ ಇವೆ. ಒಳಾಂಗಣದಲ್ಲಿ ಹತ್ತುವುದರಲ್ಲಿ ಮುಖ್ಯವಾಗಿ ಎರಡು ಬಗೆ. ನಾಲ್ಕು–ನಾಲ್ಕೂವರೆ ಮೀಟರ್ ಎತ್ತರದ ಗೋಡೆಯನ್ನು ಹಗ್ಗವಿಲ್ಲದೆ ಹತ್ತಿ, ಬಿದ್ದರೆ ಮ್ಯಾಟ್ ಮೇಲೆ ಬೀಳುವುದು ಬೌಲ್ಡರಿಂಗ್. ಅದಕ್ಕಿಂತ ಎತ್ತರದ ಗೋಡೆಯನ್ನು ಸೊಂಟಕ್ಕೆ ಹಾರ್ನೆಸ್ ಕಟ್ಟಿ, ಹಗ್ಗದೊಂದಿಗೆ ಹತ್ತುವುದು ಇನ್ನೊಂದು. ಚಿಕ್ಕಮ್ಮ ಕಳಿಸಿದ ವಿಡಿಯೊ ಮೊದಲನೆಯದು. ಅಲ್ಲಿ ಹಗ್ಗ ಇಲ್ಲದಿರುವುದು ಯಾರದೋ ನಿರ್ಲಕ್ಷ್ಯವಲ್ಲ, ಆ ಆಟ ಇರುವುದೇ ಹಾಗೆ.

‘ಕೆಳಗೆ ಮ್ಯಾಟ್ ಇದೆ, ಏನೂ ಆಗಲ್ಲ’ ನಿಜವೇ?

ಭಾಗಶಃ ನಿಜ. ನಿಮ್ಮ ಪಾದ ನೆಲದಿಂದ ಮೂರು ಮೀಟರ್ ಎತ್ತರದಲ್ಲಿದ್ದಾಗ ಕೈ ಜಾರಿತು ಎಂದುಕೊಳ್ಳಿ. ಒಂದು ಸೆಕೆಂಡೂ ಆಗುವುದಿಲ್ಲ, ನೀವು ಕೆಳಗಿರುತ್ತೀರಿ. ಮುಟ್ಟುವ ಹೊತ್ತಿಗೆ ವೇಗ ಗಂಟೆಗೆ ಸುಮಾರು 28 ಕಿಲೋಮೀಟರ್. ಇಷ್ಟು ವೇಗವನ್ನು ಎಷ್ಟು ದೂರದಲ್ಲಿ ನಿಲ್ಲಿಸುತ್ತೀರಿ ಎಂಬುದರ ಮೇಲೆ ಪೆಟ್ಟು ನಿಂತಿದೆ. ಕಾಲು ಸೆಟೆದುಕೊಂಡು ಇಳಿದು ಹತ್ತು ಸೆಂಟಿಮೀಟರಿನಲ್ಲಿ ನಿಂತರೆ ದೇಹ ತನ್ನ ತೂಕದ ಸುಮಾರು 30 ಪಟ್ಟು ಬಲವನ್ನು ತಾಳಬೇಕು. ಮ್ಯಾಟ್ ಕುಸಿಯುವುದರ ಜೊತೆಗೆ ಮಂಡಿಯೂ ಮಡಚಿ, ಒಟ್ಟು 60 ಸೆಂಟಿಮೀಟರಿನಲ್ಲಿ ನಿಂತರೆ ಅದು ಆರು ಪಟ್ಟಿಗೆ ಇಳಿಯುತ್ತದೆ. ಕ್ರಿಕೆಟ್ ಚೆಂಡು ಹಿಡಿಯುವಾಗ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತೇವಲ್ಲ, ಅದೇ ಲೆಕ್ಕ.

ಅಂದರೆ ಕೆಲಸದ ಒಂದು ಭಾಗವನ್ನಷ್ಟೇ ಮ್ಯಾಟ್ ಮಾಡುತ್ತದೆ, ಉಳಿದದ್ದು ನಿಮ್ಮ ಕಾಲಿನದು. ಒಳ್ಳೆಯ ತರಬೇತುದಾರರು ಮೊದಲ ದಿನ ಹತ್ತಿಸುವ ಮೊದಲು ಬೀಳಿಸುವುದು ಇದಕ್ಕೇ. ಎರಡೂ ಪಾದ ಸೊಂಟದಷ್ಟು ಅಗಲಕ್ಕೆ ಇರಲಿ, ಒಟ್ಟಿಗೆ ನೆಲ ಮುಟ್ಟಲಿ. ಮಂಡಿ ಮಡಚಿ, ಹಾಗೇ ಹಿಂದಕ್ಕೆ ಕೂತು ಬೆನ್ನಿನ ಮೇಲೆ ಉರುಳಿ. ಗದ್ದ ಎದೆಯತ್ತ, ಕೈಗಳು ಎದೆಯ ಮೇಲೆ. ನಮ್ಮ ಸ್ವಭಾವ ಇದಕ್ಕೆ ವಿರುದ್ಧ. ಬೀಳುವಾಗ ಅಂಗೈಯನ್ನು ಹಿಂದಕ್ಕೆ ಊರುತ್ತೇವೆ, ಮಣಿಕಟ್ಟೋ ಮೊಣಕೈಯೋ ಮುರಿಯುವುದು ಆಗಲೇ. ಆದ್ದರಿಂದ ಒಂದು ಅಡಿ ಎತ್ತರದಿಂದ, ಎರಡು ಅಡಿಯಿಂದ, ಬೇಸರ ಬರುವಷ್ಟು ಸಲ ಬಿದ್ದು ಕಲಿಯಬೇಕು. ಗೋಡೆಯ ತುದಿ ಮುಟ್ಟಿದ ಮೇಲೆ ಹಾರುವುದೂ ಬೇಡ. ದೊಡ್ಡ ಹಿಡಿಕೆಗಳನ್ನು ಹಿಡಿದು ಸಾಧ್ಯವಾದಷ್ಟು ಕೆಳಕ್ಕೆ ಇಳಿದು ಬನ್ನಿ.

ಮೃದುವಾದ ಮ್ಯಾಟ್‌ಗೆ ಇನ್ನೊಂದು ಗುಣವಿದೆ. ಪಾದ ಓರೆಯಾಗಿ ಇಳಿದರೆ ಅದು ಇನ್ನಷ್ಟು ಹೊರಳಲು ಬಿಡುತ್ತದೆ. ಬೌಲ್ಡರಿಂಗ್‌ನಲ್ಲಿ ಬಿದ್ದು ಆಗುವ ಪೆಟ್ಟುಗಳಲ್ಲಿ ಕಣಕಾಲಿನದು ತೀರಾ ಸಾಮಾನ್ಯ. ನನಗೂ ಆಗಿದೆ. ಎರಡನೇ ತಿಂಗಳು, ತಲೆಯಷ್ಟು ಎತ್ತರವೂ ಇಲ್ಲದ ಜಾಗದಿಂದ ಜಾರಿ, ಮ್ಯಾಟ್ ಮೇಲೆ ಬಿದ್ದಿದ್ದ ನೀರಿನ ಬಾಟಲಿಯ ಮೇಲೆ ಕಾಲಿಟ್ಟೆ. ಬಾಟಲಿ ನನ್ನದೇ. ಮೂರು ವಾರ ಕುಂಟಿದೆ. ಮ್ಯಾಟ್ ಮೇಲೆ ಬಾಟಲಿ, ಫೋನ್, ಬ್ಯಾಗ್, ಕೂತು ಹರಟುವ ಗೆಳೆಯರು ಯಾವುದೂ ಇರಬಾರದು ಎಂಬ ನಿಯಮ ಯಾಕಿದೆ ಎಂದು ಆಮೇಲೆ ಯಾರನ್ನೂ ಕೇಳಲಿಲ್ಲ. ಹತ್ತುತ್ತಿರುವವರ ಕೆಳಗೆ ನಡೆದುಹೋಗುವುದೂ ಅಷ್ಟೇ ಅಪಾಯ. ಪುಟ್ಟ ಮಕ್ಕಳನ್ನು ಕರೆತರುವವರು ಇದನ್ನು ಮರೆಯುವುದು ಹೆಚ್ಚು.

‘ಅಷ್ಟು ಸಣ್ಣ ಹಗ್ಗ ತಡೆಯುತ್ತಾ?’

ತಡೆಯುತ್ತದೆ. ಸಾಮಾನ್ಯವಾಗಿ ಒಂಬತ್ತು–ಹತ್ತು ಮಿಲಿಮೀಟರ್ ದಪ್ಪವಿರುವ ಈ ನೈಲಾನ್ ಹಗ್ಗ ಬಟ್ಟೆ ಒಣಹಾಕುವ ಹಗ್ಗದಂತಲ್ಲ. ಬಿದ್ದಾಗ ಹಿಗ್ಗಿ, ಜರ್ಕನ್ನು ನುಂಗಿಕೊಳ್ಳುವಂತೆ ಹೆಣೆದಿರುತ್ತಾರೆ. ಅದನ್ನು ಜೋಡಿಸುವ ಲೋಹದ ಕೊಂಡಿ, ಕ್ಯಾರಬೀನರ್, ಯುರೋಪಿನ ಮಾನದಂಡದಂತೆ ಉದ್ದುದ್ದಕ್ಕೆ ಎಳೆದರೆ ಕನಿಷ್ಠ 20 ಕಿಲೋನ್ಯೂಟನ್, ಅಂದರೆ ಸುಮಾರು ಎರಡು ಟನ್ ಭಾರ ತಾಳಬೇಕು. ಅದೇ ಕೊಂಡಿ ಅಡ್ಡ ತಿರುಗಿದರೆ ಕನಿಷ್ಠ ಮಿತಿ 7 ಕಿಲೋನ್ಯೂಟನ್. ಕೊಂಡಿ ನೇರ ಕೂತಿದೆಯೇ, ಅದರ ಲಾಕ್ ಬಿದ್ದಿದೆಯೇ ಎಂದು ನೋಡುವುದು ಇದೇ ಕಾರಣಕ್ಕೆ. ಸರಿಯಾಗಿ ನಿರ್ವಹಿಸುವ ಜಿಮ್‌ನಲ್ಲಿ ಹಗ್ಗ ಕಡಿಯುವುದು ತೀರಾ ಅಪರೂಪ. ಎಡವುವುದು ಹೆಚ್ಚಾಗಿ ಮನುಷ್ಯರೇ: ಗಂಟು ಪೂರ್ತಿ ಹಾಕಿರುವುದಿಲ್ಲ, ಕೆಳಗಿನವರ ಗಮನ ತಪ್ಪಿರುತ್ತದೆ, ಕೊಂಡಿ ಸಿಕ್ಕಿಸುವುದೇ ಮರೆತಿರುತ್ತದೆ.

ಇದು ಹೊಸಬರ ತಪ್ಪು ಎಂದುಕೊಂಡಿದ್ದರೆ ಲಿನ್ ಹಿಲ್ ಅವರ ಕಥೆ ಕೇಳಿ. ಆ ಕಾಲದ ಜಗತ್ತಿನ ಅತ್ಯುತ್ತಮ ಕ್ಲೈಂಬರ್‌ಗಳಲ್ಲಿ ಒಬ್ಬರಾಗಿದ್ದ ಈ ಅಮೆರಿಕದ ಮಹಿಳೆ 1989ರಲ್ಲಿ ಫ್ರಾನ್ಸಿನ ಬ್ಯೂಕ್ಸ್ ಎಂಬಲ್ಲಿ ಬಂಡೆ ಹತ್ತಲು ಸಿದ್ಧರಾಗುತ್ತಿದ್ದರು. ಹಗ್ಗವನ್ನು ಹಾರ್ನೆಸ್‌ಗೆ ತೂರಿಸಿದರು, ಗಂಟು ಮುಗಿಸುವ ಮೊದಲೇ ಬೂಟು ಹಾಕಿಕೊಳ್ಳಲು ಹೋದರು, ಮರೆತರು. ಮೇಲೆ ತೊಟ್ಟಿದ್ದ ಜಾಕೆಟ್ ಅರೆಬರೆ ಗಂಟನ್ನು ಮುಚ್ಚಿತ್ತು. ಹತ್ತುವಷ್ಟು ಹೊತ್ತೂ ತೊಂದರೆಯಾಗಲಿಲ್ಲ, ಏಕೆಂದರೆ ಹಗ್ಗದ ಮೇಲೆ ಭಾರವೇ ಬೀಳಲಿಲ್ಲ. ತುದಿ ತಲುಪಿ, ಇಳಿಯಲೆಂದು ಹಿಂದಕ್ಕೆ ಒರಗಿದಾಗ ಹಗ್ಗ ಸರ್ರನೆ ಜಾರಿಹೋಯಿತು. 20 ಮೀಟರಿಗೂ ಹೆಚ್ಚು ಎತ್ತರದಿಂದ ಬಿದ್ದ ಅವರನ್ನು ಉಳಿಸಿದ್ದು ಅಡ್ಡಬಂದ ಮರದ ಕೊಂಬೆ. ಪಾದದ ಮೂಳೆ ಮುರಿಯಿತು, ಮೊಣಕೈ ಕೀಲು ತಪ್ಪಿತು. ಚೇತರಿಸಿಕೊಂಡು 1993ರಲ್ಲಿ ಅಮೆರಿಕದ ಎಲ್ ಕ್ಯಾಪಿಟನ್ ಬಂಡೆಯ ‘ನೋಸ್’ ಮಾರ್ಗವನ್ನು ಕೈಕಾಲಿನ ಬಲದಿಂದಲೇ ಹತ್ತಿದ ಮೊದಲಿಗರಾದರು.

ಹಾಗಾಗಿ ಒಬ್ಬರ ಗಂಟನ್ನು ಇನ್ನೊಬ್ಬರು ನೋಡುವ ಪದ್ಧತಿ. ಪ್ರತಿ ಸಲ, ಹತ್ತನೇ ಸಲ ಹತ್ತುವಾಗಲೂ. ಎಂಟರ ಆಕಾರದ ಗಂಟು ಹಾಕಿ, ತುದಿಯನ್ನು ಹಾರ್ನೆಸ್‌ನ ಎರಡೂ ಕುಣಿಕೆಗಳಲ್ಲಿ ತೂರಿಸಿ, ಬಂದ ದಾರಿಯಲ್ಲೇ ವಾಪಸು ಹೆಣೆಯಬೇಕು. ಮುಗಿದಾಗ ಪಕ್ಕಪಕ್ಕದಲ್ಲಿ ಐದು ಜೋಡಿ ಎಳೆಗಳು ಎಣಿಸಲು ಸಿಗಬೇಕು, ಗೇಣುದ್ದ ಬಾಲ ಉಳಿದಿರಬೇಕು. ಎದುರಿನವರ ಕಣ್ಣಿಗೆ ಮಾತ್ರ ಸಾಲದು, ಕೈಯಲ್ಲಿ ಮುಟ್ಟಿ ಎಳೆದು ನೋಡಲಿ. ಹಾರ್ನೆಸ್ ಸೊಂಟದ ಮೂಳೆಗಿಂತ ಮೇಲೆ, ಕೆಳಕ್ಕೆ ಎಳೆದರೆ ಜಾರದಷ್ಟು ಬಿಗಿಯಾಗಿರಬೇಕು.

ಕೆಳಗೆ ಹಗ್ಗ ಹಿಡಿಯುವ ಕೆಲಸಕ್ಕೆ ಬಿಲೇ ಎನ್ನುತ್ತಾರೆ. ಹಗ್ಗ ಒಂದು ಸಣ್ಣ ಸಾಧನದ ಮೂಲಕ ಹಾದುಹೋಗುತ್ತದೆ, ಅಲ್ಲಿನ ಘರ್ಷಣೆಯೇ ಬ್ರೇಕ್. ಹಗ್ಗದ ಬ್ರೇಕ್ ಬದಿಯನ್ನು ಹಿಡಿದ ಕೈ ಯಾವ ಕಾರಣಕ್ಕೂ ಬಿಡಬಾರದು. ಫೋನ್ ಬಂದರೂ, ಮೂಗು ತುರಿಸಿದರೂ. ಸಾಧನ ತಾನೇ ಲಾಕ್ ಆಗುವಂಥದ್ದಾಗಿದ್ದರೂ ಇದರಲ್ಲಿ ರಿಯಾಯಿತಿ ಇಲ್ಲ. ಹತ್ತುವವರು ನಿಮಗಿಂತ ತುಂಬಾ ಭಾರವಿದ್ದರೆ ಅವರು ಬಿದ್ದಾಗ ನೀವೇ ಮೇಲಕ್ಕೆ ಏಳುತ್ತೀರಿ. ತರಬೇತುದಾರರಿಗೆ ಮೊದಲೇ ಹೇಳಿ, ಅದಕ್ಕೆ ಉಪಾಯಗಳಿವೆ. ‘ಬಾ, ಎರಡು ನಿಮಿಷದಲ್ಲಿ ಹೇಳಿಕೊಡ್ತೀನಿ’ ಎನ್ನುವ ಗೆಳೆಯರಿಂದ ಮಾತ್ರ ಇದನ್ನು ಕಲಿಯಬೇಡಿ.

ಜೊತೆಗಾರರಿಲ್ಲದವರಿಗೆ ಆಟೊ ಬಿಲೇ ಯಂತ್ರಗಳಿವೆ. ಗೋಡೆಯ ತುದಿಯಲ್ಲಿದ್ದು, ಹತ್ತಿದಂತೆ ಪಟ್ಟಿಯನ್ನು ಎಳೆದುಕೊಳ್ಳುತ್ತವೆ, ಕೈಬಿಟ್ಟರೆ ನಿಧಾನಕ್ಕೆ ಇಳಿಸುತ್ತವೆ. ಇಷ್ಟು ಸುಲಭವಾಗಿರುವುದೇ ಇದರ ಅಪಾಯ. ಗಂಟಿಲ್ಲ, ಪರೀಕ್ಷಿಸುವ ಜೊತೆಗಾರರಿಲ್ಲ. ಕೊಂಡಿ ಸಿಕ್ಕಿಸದೆ ಗೋಡೆ ಹತ್ತಿ, ಮೇಲಿಂದ ಕೈಬಿಟ್ಟು ಬಿದ್ದವರಿದ್ದಾರೆ, ಅವರಲ್ಲಿ ಅನುಭವಿಗಳೂ ಇದ್ದಾರೆ. ನೆಲ ಬಿಡುವ ಮೊದಲು ಕೊಂಡಿಯನ್ನು ಜೋರಾಗಿ ಎಳೆದು ನೋಡಿ. ಹತ್ತುವಾಗ ಪಟ್ಟಿ ಸಡಿಲವಾಗಿ ಕಂಡರೆ ಅಲ್ಲೇ ನಿಂತು, ಹಿಡಿಕೆ ಹಿಡಿದೇ ಇಳಿದು ಬನ್ನಿ.

ಉಂಗುರ, ಪೌಡರ್ ಇತ್ಯಾದಿ

ಉಂಗುರ ತೆಗೆಯಲೇಬೇಕು. ಹಿಡಿಕೆಗೆ ಉಂಗುರ ಸಿಕ್ಕಿ ದೇಹ ಕೆಳಗೆ ಬಿದ್ದರೆ ಬೆರಳಿನ ಚರ್ಮ, ಕೆಲವೊಮ್ಮೆ ಬೆರಳೇ ಕಿತ್ತುಬರಬಹುದು. ಬಳೆ, ಸರ, ಜುಮಕಿಯೂ ಬೇಡ. ಬಿಗಿ ಬೂಟಿನೊಳಗೆ ಕಾಲುಂಗುರ ಎಷ್ಟು ನೋಯಿಸುತ್ತದೆಂದು ಹಾಕಿದವರಿಗೇ ಗೊತ್ತು. ತಾಳಿ ತೆಗೆಯಲು ಒಪ್ಪದವರು ಅದನ್ನು ಬಟ್ಟೆಯೊಳಗೆ ಸೇರಿಸಿ ಟೇಪ್ ಹಾಕಿಕೊಳ್ಳುವುದನ್ನು ನೋಡಿದ್ದೇನೆ. ತೆಗೆದಿಡುವುದೇ ಉತ್ತಮ, ಆಮೇಲೆ ನಿಮ್ಮಿಷ್ಟ.

ಕೈಗೆ ಹಚ್ಚಿಕೊಳ್ಳುವ ಬಿಳಿ ಪುಡಿ ‘ಅಂಟಿನ ಪೌಡರ್’ ಎಂಬ ಫಾರ್ವರ್ಡ್ ಕೂಡ ಬಂದಿದೆ. ಅದು ಮೆಗ್ನೀಸಿಯಂ ಕಾರ್ಬೊನೇಟ್. ಬೆವರು ಹೀರುತ್ತದೆ, ಅಷ್ಟೇ. ಅದರ ಬದಲು ಟಾಲ್ಕಂ ಪೌಡರ್ ಹಚ್ಚಿದರೆ ಕೈ ಇನ್ನೂ ಜಾರುತ್ತದೆ.

‘ಚಿತ್ರದುರ್ಗದ ಜ್ಯೋತಿರಾಜ್ ಹಗ್ಗವಿಲ್ಲದೆ ಕೋಟೆ ಹತ್ತಲ್ವಾ?’ ಎಂದು ತಂಗಿ ಕೇಳಿದಳು. ಹತ್ತುತ್ತಾರೆ, ಬಿದ್ದು ಪೆಟ್ಟೂ ಮಾಡಿಕೊಂಡಿದ್ದಾರೆ. 2017ರ ಜೂನ್ 3ರಂದು ಸುಮಾರು 900 ಮೀಟರ್ ಎತ್ತರದ ಎಲ್ ಕ್ಯಾಪಿಟನ್ ಅನ್ನು ಹಗ್ಗವಿಲ್ಲದೆ ಹತ್ತಿದ ಅಲೆಕ್ಸ್ ಹೊನಾಲ್ಡ್, ಅದೇ ಮಾರ್ಗವನ್ನು ಹಗ್ಗ ಕಟ್ಟಿಕೊಂಡು ಒಂದು ವರ್ಷಕ್ಕೂ ಹೆಚ್ಚು ಕಾಲ ಅಭ್ಯಾಸ ಮಾಡಿದ್ದರು. ಮೂವತ್ತು ಸೆಕೆಂಡಿನ ರೀಲ್‌ನಲ್ಲಿ ಆ ವರ್ಷ ಕಾಣುವುದಿಲ್ಲ.

ಹದಿಹರೆಯದ ಬೆರಳು

ತಂಗಿಯ ವಿಷಯದಲ್ಲಿ ನನಗಿದ್ದ ಚಿಂತೆ ಬೀಳುವುದಕ್ಕಿಂತ ಇದು. ಬೆರಳಿನೊಳಗೆ ಸ್ನಾಯು ಇಲ್ಲವೆಂದೇ ಹೇಳಬಹುದು. ಬೆರಳು ಮಡಚುವ ಸ್ನಾಯು ಮುಂಗೈಯಲ್ಲಿದ್ದು, ಸ್ನಾಯುರಜ್ಜುಗಳ ಮೂಲಕ ಎಳೆಯುತ್ತದೆ. ಸ್ನಾಯು ಕೆಲವೇ ವಾರಗಳಲ್ಲಿ ಬಲಿಯುತ್ತದೆ, ರಜ್ಜು ಬಲಿಯಲು ತಿಂಗಳುಗಟ್ಟಲೆ ಬೇಕು. ‘ಈಗ ಶಕ್ತಿ ಬಂದಿದೆ’ ಎಂದು ಅನಿಸುವಾಗಲೇ ಬೆರಳು ಕೈಕೊಡುವುದು ಇದರಿಂದ. ಬೆಳೆಯುವ ಮಕ್ಕಳಲ್ಲಿ ಬೆರಳ ಮೂಳೆಯ ಬೆಳವಣಿಗೆಯ ಭಾಗ ಇನ್ನೂ ಮೆದು, ಅಲ್ಲೇ ಬಿರುಕು ಬಿಡಬಹುದು. ದೊಡ್ಡ ಹಿಡಿಕೆಗಳಲ್ಲಿ ಆಡಲು ಅಡ್ಡಿಯಿಲ್ಲ. ಬೆರಳ ತುದಿಯಲ್ಲಿ ತೂಗುವ ಹಲಗೆ, ಕಾಲಿಲ್ಲದೆ ಕೈಯಲ್ಲೇ ಜಿಗಿಯುವ ಕ್ಯಾಂಪಸ್ ಬೋರ್ಡ್ ಈ ವಯಸ್ಸಿಗೆ ಬೇಡ. ಬೆರಳ ಗೆಣ್ಣಿನ ನೋವು ಒಂದೆರಡು ವಾರಕ್ಕೂ ಹೋಗದಿದ್ದರೆ ಹತ್ತುವುದು ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಬೇಕು.

ಬಿದ್ದು ಪೆಟ್ಟಾದರೆ? ಕುತ್ತಿಗೆ, ಬೆನ್ನು ನೋಯುತ್ತಿದ್ದರೆ ಎಬ್ಬಿಸಿ ಕೂರಿಸಬೇಡಿ, ಅಲುಗಾಡಿಸದೆ 108ಕ್ಕೆ ಕರೆ ಮಾಡಿ. ಕಣಕಾಲು ಊದಿಕೊಂಡು ನಾಲ್ಕು ಹೆಜ್ಜೆ ಊರಿ ನಡೆಯಲಾಗದಿದ್ದರೆ ಎಕ್ಸ್‌ರೇ ಬೇಕು. ಅದಕ್ಕೂ ಮೊದಲು ‘ಉಳುಕು ತೆಗೆಸುತ್ತೇವೆ’ ಎಂದು ಎಣ್ಣೆ ಹಚ್ಚಿ ತಿಕ್ಕಿಸುವುದು ಬೇಡ, ಒಳಗೆ ಮೂಳೆ ಮುರಿದಿದ್ದರೆ ಅದು ಇನ್ನಷ್ಟು ಕದಲುತ್ತದೆ. ನನಗೂ ಅಜ್ಜಿ ಇದನ್ನೇ ಹೇಳಿದ್ದರು, ತಪ್ಪಿಸಿಕೊಳ್ಳಲು ಸಾಕಾಯಿತು.

ಇಷ್ಟನ್ನೂ ಫೋನಿನಲ್ಲಿ ಹೇಳಿದ ಮೇಲೆ ಚಿಕ್ಕಮ್ಮ ಒಪ್ಪಿದ್ದಾರೆ, ಒಂದು ಷರತ್ತಿನ ಮೇಲೆ: ಮೊದಲ ದಿನ ತಾವೂ ಬಂದು ಕೂರುತ್ತಾರಂತೆ. ಮ್ಯಾಟ್‌ನಿಂದ ದೂರ ಕುರ್ಚಿ ಹಾಕಿಸುತ್ತೇನೆ ಎಂದಿದ್ದೇನೆ.