ಚಾಟ್ ರೂಮು: ಅದರ ರೀತಿ, ಅಲ್ಲಿನ ನೀತಿ



ನಮ್ಮ ವಾಚನಾಲಯದ ಬೆಂಚಿನ ಮೇಲೆ ಕುಳಿತು ಮೊಬೈಲಿನಲ್ಲಿ ಊರಿನವರೊಡನೆ ಹರಟುವ ಗೆಳೆಯರು ಅನೇಕರಿದ್ದಾರೆ. ಹರಟುವುದು ತಪ್ಪಲ್ಲ. ಆದರೆ ಆ ಮಾತು ಯಾವ ದಾರಿಯಲ್ಲಿ ಹೋಗಿ ಯಾರಿಗೆ ಮುಟ್ಟುತ್ತದೆ ಎಂಬುದನ್ನು ತಿಳಿದಿರುವುದು ಒಳ್ಳೆಯದು.

1988ರಲ್ಲಿ ಫಿನ್‌ಲೆಂಡ್ ದೇಶದ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಓಯ್ಕರಿನೆನ್ ಎಂಬವರು ‘ಐ.ಆರ್.ಸಿ.’ ಎಂಬ ಏರ್ಪಾಟನ್ನು ರಚಿಸಿದರು. ಅದರಲ್ಲಿ ಒಂದೊಂದು ವಿಷಯಕ್ಕೂ ಒಂದೊಂದು ಕೊಠಡಿ. ಒಳಗೆ ಬರುವವರು ತಮಗೊಂದು ಅಡ್ಡಹೆಸರು ಇಟ್ಟುಕೊಳ್ಳುತ್ತಾರೆ. ಬರೆದ ಸಾಲು ಮೊದಲು ಸರ್ವರ್ ಎಂಬ ಕಂಪ್ಯೂಟರಿಗೆ ಹೋಗುತ್ತದೆ. ಅದು ಆ ಸಾಲನ್ನು ಕೊಠಡಿಯಲ್ಲಿರುವ ಎಲ್ಲರಿಗೂ ಹಂಚುತ್ತದೆ. ಗದ್ದಲ ಮಾಡಿದವರನ್ನು ಹೊರಗೆ ಹಾಕುವ ಅಧಿಕಾರ ಆಪರೇಟರನಿಗೆ ಇರುತ್ತದೆ. ಇಂದಿನ ವಾಟ್ಸಾಪ್ ಗ್ರೂಪಿನಲ್ಲಿ ಆ ಕೆಲಸ ಅಡ್ಮಿನ್‌ನದು. ಐ.ಆರ್.ಸಿ.ಯಲ್ಲಿ ತಡವಾಗಿ ಬಂದವರಿಗೆ ಹಿಂದಿನ ಮಾತು ಸಾಮಾನ್ಯವಾಗಿ ಕಾಣುತ್ತಿರಲಿಲ್ಲ. ಈಗಲಾದರೋ ನಾವು ಬರೆದುದು ಪ್ರತಿಯೊಬ್ಬರ ಫೋನಿನಲ್ಲೂ ಉಳಿಯುತ್ತದೆ. ಆದುದರಿಂದ ಎಚ್ಚರಿಕೆ ಇಮ್ಮಡಿ ಬೇಕು.

ಇಂತಹ ಕೊಠಡಿಗಳ ನಡತೆಯನ್ನು ಕುರಿತು 1995ರಲ್ಲಿಯೇ ಇಂಟರ್‌ನೆಟ್ಟಿನ ಬಲ್ಲವರು ಸೂಚನೆಗಳನ್ನು ಹೊರಡಿಸಿದರು. ಅವುಗಳಲ್ಲಿ ಕೆಲವನ್ನು, ನಮ್ಮ ಅನುಭವವನ್ನೂ ಸೇರಿಸಿ, ಇಲ್ಲಿ ಕೊಟ್ಟಿದೆ:

1. ಹೊಸಬರು ಮೊದಲು ಕೇಳಬೇಕು, ಆಮೇಲೆ ಆಡಬೇಕು.

2. ಎಲ್ಲರಿಗೂ ಬೇರೆ ಬೇರೆ ನಮಸ್ಕಾರ ಬೇಡ. ಒಂದು ನಮಸ್ಕಾರ ಸಾಕು.

3. ಇಂಗ್ಲಿಷ್ ಲಿಪಿಯಲ್ಲಿ ಬರೀ ದೊಡ್ಡಕ್ಷರದಿಂದ ಬರೆದರೆ ಕೂಗಾಡಿದಂತೆ. ಕನ್ನಡಕ್ಕೆ ದೊಡ್ಡಕ್ಷರವಿಲ್ಲ, ನಾವು ಹತ್ತು ಆಶ್ಚರ್ಯಚಿಹ್ನೆ ಹಾಕಿ ಕೂಗುತ್ತೇವೆ!

4. ಒಬ್ಬರಿಗೆ ಹೇಳಬೇಕಾದುದನ್ನು ಅವರೊಬ್ಬರಿಗೇ ಬರೆಯಿರಿ. ಸಾಲದ ಮಾತು, ಮನೆಯ ಜಗಳ ಹತ್ತು ಜನರ ಮುಂದೆ ಬೇಡ.

5. ಬ್ಯಾಂಕಿನ ಓ.ಟಿ.ಪಿ.ಯನ್ನು ಯಾರು ಕೇಳಿದರೂ ಕೊಡಬೇಡಿ.

ಎರಡನೆಯ ಮಾತು ಸಣ್ಣದೆಂದು ತೋರಬಹುದು. ನನಗೂ ಹಾಗೆಯೇ ತೋರಿತ್ತು. ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ, ನಮ್ಮ ಮಿಲ್ಲಿನ ಗೆಳೆಯರ ಗ್ರೂಪಿನಲ್ಲಿ ಒಬ್ಬರು ತಮ್ಮ ತಾಯಿಗೆ ರಕ್ತ ಬೇಕೆಂದು ಬರೆದಿದ್ದರು. ಬೆಳಗಾಗುವಷ್ಟರಲ್ಲಿ ಅದರ ಮೇಲೆ ನಲವತ್ತು ‘ಶುಭೋದಯ’ದ ಚಿತ್ರಗಳು ಬಿದ್ದಿದ್ದವು. ಅವುಗಳಲ್ಲಿ ಒಂದು ನನ್ನದು. ಬೇಕಾಗಿದ್ದುದು ನನ್ನ ರಕ್ತದ ಗ್ರೂಪೇ. ಆದರೆ ನಾನು ಆ ಸಾಲನ್ನು ಕಂಡದ್ದು ಮಧ್ಯಾಹ್ನ ಊಟದ ಬಿಡುವಿನಲ್ಲಿ. ಅಷ್ಟರೊಳಗೆ ಬೇರೊಬ್ಬ ಪುಣ್ಯಾತ್ಮರು ಹೋಗಿ ಕೊಟ್ಟಿದ್ದರು, ತಾಯಿ ಉಳಿದರು.

ಅಂದಿನಿಂದ ನಾನು ಶುಭೋದಯ ಕಳುಹಿಸುವುದನ್ನು ಬಿಟ್ಟಿದ್ದೇನೆ. ಈ ವಾಚನಾಲಯದಲ್ಲಿ ನಾವು ಪಕ್ಕದವರ ಓದಿಗೆ ಅಡ್ಡಿಯಾಗದಂತೆ ಕೂರುತ್ತೇವಲ್ಲವೇ? ಅಲ್ಲಿಯೂ ಹಾಗೆಯೇ ಇರೋಣ.