ಪ್ರತಿಕ್ರಿಯಾ ಸಮಯ (ಪರದೆ)

ಕಂಪ್ಯೂಟರ್, ಟಿ.ವಿ. ಅಥವಾ ಮೊಬೈಲ್ ಪರದೆಯ ಒಂದು ಪಿಕ್ಸೆಲ್ ಒಂದು ಬಣ್ಣದಿಂದ ಮತ್ತೊಂದು ಬಣ್ಣಕ್ಕೆ ಬದಲಾಗಲು ತೆಗೆದುಕೊಳ್ಳುವ ಅವಧಿಯನ್ನು ಪ್ರತಿಕ್ರಿಯಾ ಸಮಯ ಎನ್ನುತ್ತಾರೆ. ಇದನ್ನು ಮಿಲಿಸೆಕೆಂಡುಗಳಲ್ಲಿ ಅಳೆಯಲಾಗುತ್ತದೆ. ಮಾನಿಟರುಗಳ ಪೆಟ್ಟಿಗೆಯ ಮೇಲೆ ಮುದ್ರಿತವಾಗಿರುವ "1 ಮಿಲಿಸೆಕೆಂಡ್", "5 ಮಿಲಿಸೆಕೆಂಡ್" ಎಂಬ ಅಂಕಿಗಳು ಸಾಮಾನ್ಯವಾಗಿ ಇದಕ್ಕೆ ಸಂಬಂಧಿಸಿದವು. ಈ ಅಂಕಿಯನ್ನೇ ಪರದೆಯ ಒಟ್ಟು ವೇಗವೆಂದು ತಿಳಿದು ಹೆಚ್ಚು ಬೆಲೆ ತೆರುವವರಿದ್ದಾರೆ. ಆ ತಿಳಿವಳಿಕೆ ಸರಿಯಲ್ಲ.

ಮಿಲಿಸೆಕೆಂಡಿನ ಅಳತೆ

ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗ ಮಿಲಿಸೆಕೆಂಡ್, ಹತ್ತು ಲಕ್ಷದಲ್ಲೊಂದು ಭಾಗ ಮೈಕ್ರೋಸೆಕೆಂಡ್. ಇವುಗಳ ನಡುವಿನ ಅಂತರವನ್ನು ಗೋಕಾಕ ಜಲಪಾತದ ಉದಾಹರಣೆಯಿಂದ ತಿಳಿಯಬಹುದು. ಘಟಪ್ರಭಾ ನದಿ ಇಲ್ಲಿ ಸುಮಾರು 52 ಮೀಟರ್ ಎತ್ತರದಿಂದ ಧುಮುಕುತ್ತದೆ. ಗಾಳಿಯ ತಡೆಯನ್ನು ಲೆಕ್ಕಿಸದಿದ್ದರೆ ಮೇಲಿನಿಂದ ಬಿಟ್ಟ ಕಲ್ಲು ತಳ ಮುಟ್ಟಲು ಸುಮಾರು 3.3 ಸೆಕೆಂಡ್, ಅಂದರೆ 3,300 ಮಿಲಿಸೆಕೆಂಡ್ ಬೇಕು. ಕಲ್ಲು ಬಿದ್ದ ಸದ್ದು ಮೇಲಕ್ಕೆ ಬರಲು ಸುಮಾರು 150 ಮಿಲಿಸೆಕೆಂಡ್ ಸಾಕು. ಮಳೆಗಾಲದ ಭೋರ್ಗರೆತದಲ್ಲಿ ಅದು ಕೇಳಿಸುವುದೇ ಇಲ್ಲ ಎಂಬುದು ಬೇರೆ ಮಾತು. ಅದೇ ದೂರವನ್ನು ಬೆಳಕು 0.17 ಮೈಕ್ರೋಸೆಕೆಂಡಿನಲ್ಲಿ ದಾಟುತ್ತದೆ.

ಮನೆಯ ದೀಪವೂ ಇಂತಹದೇ ಒಂದು ಅಳತೆಗೋಲು. ಹುಕ್ಕೇರಿ ತಾಲ್ಲೂಕಿನಲ್ಲಿ ವಿದ್ಯುತ್ ವಿತರಣೆ ಮಾಡುವುದು 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರ ಸಂಘ. ವಿತರಕರು ಯಾರೇ ಆಗಿರಲಿ, ಭಾರತದಲ್ಲಿ ವಿದ್ಯುತ್ತಿನ ಆವರ್ತನ 50 ಹರ್ಟ್ಸ್; ಆದ್ದರಿಂದ ಒಂದು ಆವರ್ತನೆಗೆ 20 ಮಿಲಿಸೆಕೆಂಡ್. ತಂತಿಯ ಹಳೆಯ ಬಲ್ಬು ಪ್ರತಿ 10 ಮಿಲಿಸೆಕೆಂಡಿಗೊಮ್ಮೆ ಅಲ್ಪಸ್ವಲ್ಪ ಮಂಕಾಗಿ ಮತ್ತೆ ಬೆಳಗುತ್ತದೆ. ಕಣ್ಣಿಗೆ ಅದು ಸ್ಥಿರವಾದ ಬೆಳಕು.

ಪ್ರಾಚೀನ ಮಾನಗಳು

1114ರಲ್ಲಿ ಜನಿಸಿದ ಎರಡನೆಯ ಭಾಸ್ಕರಾಚಾರ್ಯನು ತನ್ನ 'ಸಿದ್ಧಾಂತ ಶಿರೋಮಣಿ'ಯಲ್ಲಿ ಕಾಲವನ್ನು ಇದಕ್ಕಿಂತಲೂ ಸೂಕ್ಷ್ಮವಾಗಿ ಭಾಗಿಸಿದ್ದಾನೆ. ಅದರಂತೆ 24 ನಿಮಿಷಗಳ ಒಂದು ಗಳಿಗೆಗೆ 30 ಕಲೆ, ಒಂದು ಕಲೆಗೆ 30 ಕಾಷ್ಠೆ, ಒಂದು ಕಾಷ್ಠೆಗೆ 18 ನಿಮೇಷ. ಈ ಲೆಕ್ಕದಲ್ಲಿ ನಿಮೇಷವೆಂದರೆ ಸುಮಾರು 89 ಮಿಲಿಸೆಕೆಂಡ್. ಅದರ ಮೂವತ್ತನೆಯ ಒಂದು ಭಾಗ ತತ್ಪರ, ಸುಮಾರು 3 ಮಿಲಿಸೆಕೆಂಡ್. ತತ್ಪರದ ನೂರನೆಯ ಒಂದು ಭಾಗ ತ್ರುಟಿ, ಸುಮಾರು 30 ಮೈಕ್ರೋಸೆಕೆಂಡ್. ಇಂದಿನ ಮಾನಿಟರಿನ ಪ್ರತಿಕ್ರಿಯಾ ಸಮಯವು ತತ್ಪರದ ಆಸುಪಾಸಿನಲ್ಲಿದೆ. ನಿಮೇಷವೆಂದರೆ ಕಣ್ಣು ಮಿಟುಕಿಸುವಷ್ಟು ಕಾಲ. ಇಂದಿನ ಬಳಕೆಯ 'ನಿಮಿಷ' 60 ಸೆಕೆಂಡುಗಳದ್ದು. ಹಳೆಯ ಗ್ರಂಥಗಳನ್ನು ಓದುವ ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ.

ಪರದೆಯೊಳಗೆ ನಡೆಯುವುದು

ಎಲ್‌ಸಿಡಿ ಪರದೆಯಲ್ಲಿ ಹಿಂದಿನಿಂದ ಬರುವ ಬೆಳಕನ್ನು ದ್ರವ ಹರಳಿನ ತೆಳು ಪದರವೊಂದು ನಿಯಂತ್ರಿಸುತ್ತದೆ. ವೋಲ್ಟೇಜ್ ಬದಲಾದಾಗ ಅದರ ಅಣುಗಳು ಹೊರಳಬೇಕು. ಅವು ಸ್ನಿಗ್ಧ ದ್ರವದಲ್ಲಿರುವುದರಿಂದ ಹೊರಳಲು ಕಾಲ ಹಿಡಿಯುತ್ತದೆ, ಚಳಿಯಲ್ಲಿ ಇನ್ನೂ ಹೆಚ್ಚು. ಹೊಸ ಚಿತ್ರ ಬರುವಷ್ಟರಲ್ಲಿ ಹಿಂದಿನದು ಪೂರ್ತಿ ಅಳಿಯದಿದ್ದರೆ ಚಲಿಸುವ ವಸ್ತುವಿನ ಹಿಂದೆ ನೆರಳಿನಂತಹ ಬಾಲ ಕಾಣಿಸುತ್ತದೆ. ಮೂಡಲಗಿ ತಾಲ್ಲೂಕಿನ ಕುಲಗೋಡದ ತಮ್ಮಣ್ಣನ ಹೆಸರಿನೊಂದಿಗೆ ಬೆಸೆದುಕೊಂಡಿರುವ 'ಶ್ರೀಕೃಷ್ಣ ಪಾರಿಜಾತ' ಆಟದ ವೀಡಿಯೊವನ್ನು ನಿಧಾನವಾದ ಪರದೆಯಲ್ಲಿ ನೋಡಿದರೆ, ಕುಣಿತದಲ್ಲಿ ಬೀಸಿದ ಕೈಯ ಹಿಂದೆ ಇಂತಹ ಬಾಲ ಕಂಡೀತು. ಆದರೆ ಸೆಕೆಂಡಿಗೆ 25 ಚಿತ್ರಗಳ ವೀಡಿಯೊದಲ್ಲಿ ಒಂದು ಚಿತ್ರದ ಪಾಲು 40 ಮಿಲಿಸೆಕೆಂಡ್. ಚಿತ್ರೀಕರಣದಲ್ಲೇ ಉಂಟಾದ ಮಸುಕನ್ನು ಯಾವ ವೇಗದ ಪರದೆಯೂ ತೆಗೆಯಲಾರದು.

ಅಂಕಿಯನ್ನು ಓದುವ ಬಗೆ

ಪ್ರತಿಕ್ರಿಯಾ ಸಮಯವನ್ನು ರಿಫ್ರೆಶ್ ದರದೊಂದಿಗೆ ಹೋಲಿಸಿಯೇ ಓದಬೇಕು. 60 ಹರ್ಟ್ಸ್ ಪರದೆ 16.7 ಮಿಲಿಸೆಕೆಂಡಿಗೊಮ್ಮೆ, 144 ಹರ್ಟ್ಸ್ ಪರದೆ 6.9 ಮಿಲಿಸೆಕೆಂಡಿಗೊಮ್ಮೆ ಚಿತ್ರ ಬದಲಿಸುತ್ತದೆ. 10 ಮಿಲಿಸೆಕೆಂಡಿನ ಪಿಕ್ಸೆಲ್ ಮೊದಲನೆಯದಕ್ಕೆ ಸಾಕು, ಎರಡನೆಯದಕ್ಕೆ ಸಾಲದು. ಕೀಲಿ ಒತ್ತಿದ ಪರಿಣಾಮ ಪರದೆಯ ಮೇಲೆ ಮೂಡುವವರೆಗಿನ ವಿಳಂಬ ಇವೆರಡಕ್ಕಿಂತ ಭಿನ್ನವಾದದ್ದು. ಪಿಕ್ಸೆಲ್ ಎಷ್ಟೇ ಚುರುಕಾಗಿದ್ದರೂ ಆ ವಿಳಂಬ ಹತ್ತಾರು ಮಿಲಿಸೆಕೆಂಡ್ ಇರಬಹುದು. ಆಟವಾಡುವವರಿಗೆ ಮುಖ್ಯವಾದ ಈ ಸಂಖ್ಯೆ ಪೆಟ್ಟಿಗೆಯ ಮೇಲೆ ಸಿಗುವುದು ಅಪರೂಪ.

ತಯಾರಕರು ಬಹುತೇಕ ಒಂದು ಬೂದು ಛಾಯೆಯಿಂದ ಇನ್ನೊಂದಕ್ಕೆ ಆಗುವ ಬದಲಾವಣೆಯನ್ನು ಅಳೆಯುತ್ತಾರೆ. ಅದರಲ್ಲೂ ಬದಲಾವಣೆಯ ಶೇ. 10ರಿಂದ ಶೇ. 90ರವರೆಗಿನ ಭಾಗವನ್ನು ಮಾತ್ರ ಎಣಿಸುವುದು ರೂಢಿ. ಅತಿ ವೇಗದ ಬದಲಾವಣೆಯೊಂದನ್ನು ಆಯ್ದು "1 ಮಿಲಿಸೆಕೆಂಡ್" ಎಂದು ಮುದ್ರಿಸಿದಾಗ ಉಳಿದ ಬದಲಾವಣೆಗಳು ಅದಕ್ಕಿಂತ ಹಲವು ಪಟ್ಟು ನಿಧಾನವಾಗಿರಬಹುದು. ಕೆಲವೊಮ್ಮೆ ಆ ವೇಗವು 'ಓವರ್‌ಡ್ರೈವ್' ಎಂಬ ಆಯ್ಕೆಯ ಗರಿಷ್ಠ ಮಟ್ಟದಲ್ಲಿ ಮಾತ್ರ ದೊರೆಯುತ್ತದೆ. ಆಗ ಅಣುಗಳು ಗುರಿಯನ್ನು ದಾಟಿ ಹೊರಳುವುದರಿಂದ ಕಪ್ಪು ಬಾಲದ ಬದಲು ಬಿಳಿ ಬಾಲ ಮೂಡುತ್ತದೆ. ಅಣುಗಳು ಹೊರಳಬೇಕಾದ ಅಗತ್ಯವೇ ಇಲ್ಲದ ಓಎಲ್‌ಇಡಿ ಪರದೆಗಳಲ್ಲಿ ಪಿಕ್ಸೆಲ್ ತಾನೇ ಬೆಳಕು ಸೂಸುತ್ತದೆ. ಅಲ್ಲಿ ಬದಲಾವಣೆಯ ಅವಧಿ ಮಿಲಿಸೆಕೆಂಡಿನ ಒಂದು ಅಂಶಕ್ಕೆ ಇಳಿದಿದೆ.